ಮುಮ್ಮಡಿ ಕೃಷ್ಣರಾಜ ಒಡೆಯರು

ಮುಮ್ಮಡಿ ಕೃಷ್ಣರಾಜ ಒಡೆಯರು (ಜುಲೈ 14, 1794 – ಮಾರ್ಚ್ 27, 1868) ಮೈಸೂರು ಸಂಸ್ಥಾನದ ಅರಸರು. ಟಿಪ್ಪು ಸುಲ್ತಾನರ ಮರಣಾನಂತರ 1799ರಲ್ಲಿ, ಐದು ವರ್ಷದ ಬಾಲಕರಾಗಿದ್ದಾಗ, ಇವರಿಗೆ ಪಟ್ಟಾಭಿಷೇಕವಾಯಿತು. 1831ರಲ್ಲಿ ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಅಂದಿನಿಂದ ತಮ್ಮ ಕೊನೆಯ ದಿನದವರೆಗೆ ಮೂವತ್ತಾರು ವರ್ಷಗಳಿಗೂ ಹೆಚ್ಚು ಕಾಲ ಇವರು ಅಧಿಕಾರವಿಲ್ಲದ ಅರಸರಾಗಿ ಬಾಳಿದರು.

ಕನ್ನಡ ಸಾಹಿತ್ಯ, ಸಂಗೀತ ಮತ್ತು ಚಿತ್ರಕಲೆಗಳ ಪೋಷಕರೆಂದು ಇವರು ಪ್ರಸಿದ್ಧರು. ಆದರೆ ಇವರ ಆಸಕ್ತಿಗಳಲ್ಲಿ ಅತ್ಯಂತ ವಿಶಿಷ್ಟವಾದದ್ದು ಆಟಗಳ ರಚನೆ. ಗಂಜೀಫಾ ಎಲೆಯಾಟಗಳು, ಹಾಸಿನ ಮೇಲೆ ಕಾಯಿ ನಡೆಸುವ ಆಟಗಳು, ಚದುರಂಗದ ಕುದುರೆಯ ನಡಿಗೆಗಳು, ಅಂಕಿಗಳ ಮಾಯಾಚೌಕಗಳು ಇವೆಲ್ಲವನ್ನೂ ಇವರು ಅಭ್ಯಾಸ ಮಾಡಿ ಹೊಸದಾಗಿ ರೂಪಿಸಿದರು. ಅವುಗಳಲ್ಲಿ ಹಲವನ್ನು ‘ಶ್ರೀತತ್ತ್ವನಿಧಿ’ ಎಂಬ ಸಚಿತ್ರ ಗ್ರಂಥದ ‘ಕೌತುಕನಿಧಿ’ ಭಾಗದಲ್ಲಿ ದಾಖಲಿಸಲಾಗಿದೆ.

ಜನನ ಮತ್ತು ಬಾಲ್ಯ

ಕೃಷ್ಣರಾಜ ಒಡೆಯರು ಈಗಿನ ಮಂಡ್ಯ ಜಿಲ್ಲೆಗೆ ಸೇರಿದ ಶ್ರೀರಂಗಪಟ್ಟಣದಲ್ಲಿ ಜನಿಸಿದರು. ತಂದೆ ಖಾಸಾ ಚಾಮರಾಜ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿಯವರು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಒಡೆಯರ್ ಮನೆತನದವರು ಹೆಸರಿಗೆ ಮಾತ್ರ ಅರಸರಾಗಿದ್ದರು. 1796ರಲ್ಲಿ ಚಾಮರಾಜ ಒಡೆಯರು ತೀರಿಕೊಂಡ ಮೇಲೆ ಆ ಹೆಸರೂ ಉಳಿಯಲಿಲ್ಲ. ಟಿಪ್ಪು ಸುಲ್ತಾನರು ಮತ್ತೊಬ್ಬ ಅರಸನನ್ನು ಪಟ್ಟಕ್ಕೆ ತರಲಿಲ್ಲ. ರಾಜಕುಟುಂಬವನ್ನು ಅರಮನೆಯಿಂದ ಹೊರಡಿಸಿ ಸಾಧಾರಣವಾದ ಮನೆಯೊಂದರಲ್ಲಿ ಇರಿಸಲಾಯಿತು. ಎರಡು ವರ್ಷವೂ ತುಂಬದ ಶಿಶು ಆ ಮನೆಯಲ್ಲಿ ಬೆಳೆಯಿತು.

ಮಗುವಿನ ಪಾಲನೆಯ ಹೊಣೆ ಹೊತ್ತವರು ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ ಲಕ್ಷ್ಮಮ್ಮಣ್ಣಿಯವರು. ಅವರು ಹಲವು ದಶಕಗಳ ಕಾಲ ಪ್ರಧಾನ್ ತಿರುಮಲರಾಯರು ಮತ್ತು ನಾರಾಯಣರಾಯರ ಮೂಲಕ ಬ್ರಿಟಿಷರೊಡನೆ ಗುಪ್ತವಾಗಿ ಸಂಧಾನ ನಡೆಸುತ್ತಿದ್ದರು. ರಾಜ್ಯವನ್ನು ಮರಳಿ ಒಡೆಯರ್ ವಂಶಕ್ಕೆ ದೊರಕಿಸಬೇಕೆಂಬುದು ಅವರ ಉದ್ದೇಶವಾಗಿತ್ತು.

1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಜನರಲ್ ಹ್ಯಾರಿಸನ ಸೈನ್ಯಕ್ಕೂ ಟಿಪ್ಪು ಸುಲ್ತಾನರ ಸೈನ್ಯಕ್ಕೂ ಯುದ್ಧ ನಡೆಯಿತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬ್ರಿಟಿಷರ ವಶವಾಯಿತು. ಟಿಪ್ಪು ಸುಲ್ತಾನರು ಹೋರಾಡುತ್ತ ಮಡಿದರು. ಇದಾದ ಎಂಟು ವಾರಗಳಲ್ಲಿ, ಜೂನ್ 30ರಂದು, ಬಾಲಕ ಕೃಷ್ಣರಾಜರಿಗೆ ಮೈಸೂರಿನಲ್ಲಿ ಪಟ್ಟ ಕಟ್ಟಲಾಯಿತು.

ಪೂರ್ಣಯ್ಯನವರ ಆಡಳಿತ

ಅರಸರು ಅಪ್ರಾಪ್ತ ವಯಸ್ಕರಾಗಿದ್ದುದರಿಂದ ದಿವಾನ್ ಪೂರ್ಣಯ್ಯನವರು ಆಡಳಿತವನ್ನು ನಿರ್ವಹಿಸಿದರು. ಹೈದರ್ ಮತ್ತು ಟಿಪ್ಪು ಇಬ್ಬರ ಕಾಲದಲ್ಲಿಯೂ ಅಧಿಕಾರದಲ್ಲಿದ್ದ ಅವರಿಗೆ ಕಂದಾಯದ ವ್ಯವಹಾರ ಕರಗತವಾಗಿತ್ತು. ಸಹಾಯಕ ಸೈನ್ಯದ ಒಪ್ಪಂದದ ಪ್ರಕಾರ ಸಂಸ್ಥಾನವು ಪ್ರತಿವರ್ಷ 7 ಲಕ್ಷ ವರಹಗಳನ್ನು ಕಂಪನಿ ಸರ್ಕಾರಕ್ಕೆ ಸಲ್ಲಿಸಬೇಕಾಗಿತ್ತು. ಆ ಹೊರೆಯನ್ನು ಹೊತ್ತೂ ಪೂರ್ಣಯ್ಯನವರು ಬೊಕ್ಕಸವನ್ನು ತುಂಬಿಸಿದರು. ರಸ್ತೆ, ಸೇತುವೆ, ಕಾಲುವೆಗಳನ್ನು ದುರಸ್ತಿ ಮಾಡಿಸಿದರು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ವೆಲ್ಲೆಸ್ಲಿ ಸೇತುವೆ 1804ರಲ್ಲಿ ಪೂರ್ಣಗೊಂಡಿತು. ಮೈಸೂರಿನಲ್ಲಿ ಅರಸರಿಗಾಗಿ ಮರದ ಹೊಸ ಅರಮನೆಯೊಂದು 1803ರಲ್ಲಿ ಸಿದ್ಧವಾಯಿತು. ಈ ಅರಮನೆ 1897ರ ಬೆಂಕಿ ಅನಾಹುತದಲ್ಲಿ ನಾಶವಾಯಿತು.

ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ನಿಧನರಾದರು. 1811ರಲ್ಲಿ ಪೂರ್ಣಯ್ಯನವರು ಅಧಿಕಾರದಿಂದ ನಿವೃತ್ತರಾಗಿ ಮರುವರ್ಷ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು. ಹೀಗೆ ಹದಿನೇಳರ ಆಸುಪಾಸಿನಲ್ಲಿ ಕೃಷ್ಣರಾಜರು ಆಡಳಿತದ ಪೂರ್ಣ ಹೊಣೆಯನ್ನು ವಹಿಸಿಕೊಂಡರು. ಅವರನ್ನು ತಿದ್ದಿ ನಡೆಸಬಲ್ಲ ಹಿರಿಯರು ಆಗ ಯಾರೂ ಉಳಿದಿರಲಿಲ್ಲ.

ಸ್ವತಂತ್ರ ಆಳ್ವಿಕೆ

ಮುಂದಿನ ಇಪ್ಪತ್ತು ವರ್ಷಗಳು ಅರಸರ ನೇರ ಆಳ್ವಿಕೆಯ ಕಾಲ. ದಾನ, ದತ್ತಿ, ದೇವಾಲಯ ನಿರ್ಮಾಣ, ವಿದ್ವಾಂಸರ ಸನ್ಮಾನ ಮುಂತಾದವುಗಳಿಗೆ ಅವರು ಧಾರಾಳವಾಗಿ ವೆಚ್ಚ ಮಾಡಿದರು. ಚಾಮುಂಡಿಬೆಟ್ಟದ ದೇವಾಲಯದ ಗೋಪುರವನ್ನು 1827ರಲ್ಲಿ ದುರಸ್ತಿ ಮಾಡಿಸಿದರು. ಮೈಸೂರು ಕೋಟೆಯೊಳಗಿನ ಪ್ರಸನ್ನಕೃಷ್ಣಸ್ವಾಮಿ ದೇವಾಲಯ 1829ರಲ್ಲಿ ಪೂರ್ಣಗೊಂಡಿತು.

ವೆಚ್ಚ ಹೆಚ್ಚಿದಂತೆ ಬೊಕ್ಕಸ ಬರಿದಾಯಿತು. ಅಮಲ್ದಾರರು ಇಂತಿಷ್ಟು ಕಂದಾಯವನ್ನು ಕೊಟ್ಟೇ ತೀರುವುದಾಗಿ ಷರತ್ತು ಬರೆದುಕೊಡುವ ಪದ್ಧತಿ ರೂಢಿಗೆ ಬಂದಿತು. ಒಪ್ಪಿಕೊಂಡ ಹಣವನ್ನು ತುಂಬಲು ಅಮಲ್ದಾರರು ರೈತರನ್ನು ಪೀಡಿಸತೊಡಗಿದರು. 1830ರಲ್ಲಿ ನಗರ ಸೀಮೆಯ ರೈತರು ಬಂಡೆದ್ದರು. ಬೂದಿ ಬಸವಪ್ಪ ಎಂಬಾತ ಅವರ ನಾಯಕನಾಗಿ ತಾನೇ ಆ ಸೀಮೆಯ ಅರಸನೆಂದು ಸಾರಿಕೊಂಡನು. ದಂಗೆಯನ್ನು ಅಡಗಿಸಲು ಕಂಪನಿಯ ಸೈನ್ಯ ಬರಬೇಕಾಯಿತು.

ಅಧಿಕಾರದ ನಷ್ಟ

ಗವರ್ನರ್ ಜನರಲ್ ವಿಲಿಯಂ ಬೆಂಟಿಂಕರು ದುರಾಡಳಿತದ ಕಾರಣವನ್ನು ಮುಂದಿಟ್ಟು 1831ರ ಅಕ್ಟೋಬರ್ 19ರಂದು ಆಡಳಿತವನ್ನು ಅರಸರಿಂದ ಕಸಿದುಕೊಂಡರು. ಅರಸರಿಗೆ ವರ್ಷಕ್ಕೆ 1 ಲಕ್ಷ ವರಹಗಳನ್ನೂ ನಿವ್ವಳ ಆದಾಯದ ಐದನೆಯ ಒಂದು ಪಾಲನ್ನೂ ಗೊತ್ತುಮಾಡಲಾಯಿತು. ಆಗ ಅವರ ವಯಸ್ಸು ಮೂವತ್ತೇಳು.

ಸಂಸ್ಥಾನದ ಸ್ಥಿತಿಯನ್ನು ಪರಿಶೀಲಿಸಲು ನೇಮಕವಾದ ಹಾಕರ್, ಮಾರಿಸನ್, ಮೆಕ್ಲಿಯಾಡ್ ಮತ್ತು ಕಬ್ಬನ್ ಅವರ ಸಮಿತಿ 1833ರಲ್ಲಿ ವರದಿ ಸಲ್ಲಿಸಿತು. ಅರಸರ ಮೇಲಿನ ಆರೋಪಗಳು ಮೊದಲು ತೋರಿದಷ್ಟು ಗುರುತರವಲ್ಲವೆಂಬುದು ಅದರಿಂದ ತಿಳಿದುಬಂದಿತು. ರಾಜ್ಯದ ಬಹುಭಾಗವನ್ನು ಅರಸರಿಗೆ ಹಿಂದಿರುಗಿಸಬಹುದೆಂದು ಸ್ವತಃ ಬೆಂಟಿಂಕರೇ ಸಲಹೆ ಮಾಡಿದರೂ ಲಂಡನ್ನಿನ ಅಧಿಕಾರಿಗಳು ಒಪ್ಪಲಿಲ್ಲ.

ರಾಜ್ಯವನ್ನು ಬೆಂಗಳೂರು, ಅಷ್ಟಗ್ರಾಮ, ಚಿತ್ರದುರ್ಗ ಮತ್ತು ನಗರ ಎಂಬ ನಾಲ್ಕು ವಿಭಾಗಗಳಾಗಿ ವಿಂಗಡಿಸಲಾಯಿತು. ಶ್ರೀರಂಗಪಟ್ಟಣದ ಸುತ್ತಲಿನ ಸೀಮೆ ಅಷ್ಟಗ್ರಾಮ ವಿಭಾಗಕ್ಕೆ ಸೇರಿತು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಅವರು ಕಮಿಷನರಾಗಿ ಬೆಂಗಳೂರಿನಿಂದ ಆಡಳಿತ ನಡೆಸಿದರು. ಅರಸರು ಮೈಸೂರಿನ ಅರಮನೆಯಲ್ಲಿದ್ದರು. ದಸರಾ ದರ್ಬಾರು, ಜಂಬೂಸವಾರಿ, ಪೂಜೆ, ದಾನಗಳು ಎಂದಿನಂತೆ ನಡೆಯುತ್ತಿದ್ದವು. ಆದರೆ ಒಬ್ಬ ಅಮಲ್ದಾರನನ್ನು ನೇಮಿಸುವ ಅಧಿಕಾರವೂ ಅವರಿಗೆ ಇರಲಿಲ್ಲ.

ಸಾಹಿತ್ಯ ಮತ್ತು ಕಲಾಪೋಷಣೆ

ಒಡೆಯರ ಆಶ್ರಯದಲ್ಲಿ ಕನ್ನಡ ಗದ್ಯಕ್ಕೆ ಹೊಸ ಚೈತನ್ಯ ಬಂದಿತು. ಕೆಂಪುನಾರಾಯಣನ ‘ಮುದ್ರಾಮಂಜೂಷ’ (1823) ಈ ಕಾಲದ ಮುಖ್ಯ ಗದ್ಯಕೃತಿ. ದೇವಚಂದ್ರನ ‘ರಾಜಾವಳಿ ಕಥೆ’ (1838) ಅರಮನೆಯ ದೇವೀರಮ್ಮಣ್ಣಿಯವರ ಪ್ರೋತ್ಸಾಹದಿಂದ ರಚಿತವಾಯಿತು. ಅರಸರ ಅಳಿಯಂದಿರಾದ ಅಳಿಯ ಲಿಂಗರಾಜರು ಯಕ್ಷಗಾನ ಮತ್ತು ಕಾವ್ಯಗಳನ್ನು ಬರೆದರು. ಮುಂದೆ ಹೆಸರಾಂತ ಕವಿಯಾದ ಬಸವಪ್ಪಶಾಸ್ತ್ರಿಗಳು ಬೆಳೆದದ್ದು ಇದೇ ಆಸ್ಥಾನದಲ್ಲಿ. ಸಂಗೀತಗಾರರಲ್ಲಿ ಮೈಸೂರು ಸದಾಶಿವರಾಯರು ಪ್ರಮುಖರು.

ಅರಸರ ಹೆಸರಿನಲ್ಲಿ ಹಲವಾರು ಕೃತಿಗಳಿವೆ. ಮಹಾಭಾರತದ ಗದ್ಯರೂಪವಾದ ‘ಕೃಷ್ಣರಾಜ ವಾಣೀವಿಲಾಸ’ ಮತ್ತು ‘ಸೌಗಂಧಿಕಾ ಪರಿಣಯ’ ಅವುಗಳಲ್ಲಿ ಸೇರಿವೆ. ಇಂತಹ ಗ್ರಂಥಗಳ ರಚನೆಯಲ್ಲಿ ಆಸ್ಥಾನದ ಪಂಡಿತರೂ ಪಾಲ್ಗೊಂಡಿದ್ದರೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ವಿದ್ಯಾಭ್ಯಾಸದ ವಿಷಯದಲ್ಲಿ 1833ರಲ್ಲಿ ಮೈಸೂರಿನಲ್ಲಿ ಅರಸರ ವೆಚ್ಚದಿಂದ ಆರಂಭವಾದ ಇಂಗ್ಲಿಷ್ ಶಾಲೆ ಮುಖ್ಯವಾದುದು. ಅದೇ ಮುಂದೆ ಮಹಾರಾಜ ಕಾಲೇಜಾಗಿ ಬೆಳೆಯಿತು.

ಆಟಗಳ ರಚನೆ

ಕನ್ನಡ ನಾಡಿನ ಅರಸರು ಆಟಗಳನ್ನು ಶಾಸ್ತ್ರವಿಷಯವಾಗಿ ಪರಿಗಣಿಸಿದ್ದು ಹೊಸದೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮುಮ್ಮಡಿ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕ್ರೀಡಾವಿಂಶತಿ ಎಂಬ ಭಾಗವಿದೆ. ಕೃಷ್ಣರಾಜ ಒಡೆಯರ ಕೌತುಕನಿಧಿ ಆ ಪರಂಪರೆಯಲ್ಲಿಯೇ ಬರುತ್ತದೆ. ಇದ್ದ ಆಟಗಳನ್ನು ವಿವರಿಸುವುದರ ಜೊತೆಗೆ ಹೊಸ ಆಟಗಳನ್ನು ಕಟ್ಟಿಕೊಟ್ಟಿರುವುದು ಕೌತುಕನಿಧಿಯ ವಿಶೇಷ.

ಶ್ರೀತತ್ತ್ವನಿಧಿಯಲ್ಲಿ ಒಂಬತ್ತು ನಿಧಿಗಳಿವೆ. ಅವು ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ, ಬ್ರಹ್ಮನಿಧಿ, ಗ್ರಹನಿಧಿ, ವೈಷ್ಣವನಿಧಿ, ಶೈವನಿಧಿ, ಆಗಮನಿಧಿ ಮತ್ತು ಕೌತುಕನಿಧಿ. ದೇವತೆಗಳ ಧ್ಯಾನಶ್ಲೋಕಗಳನ್ನು ಸಂಗ್ರಹಿಸಿ, ಪ್ರತಿಯೊಂದಕ್ಕೂ ಅನುಗುಣವಾದ ವರ್ಣಚಿತ್ರವನ್ನು ಬರೆಸಿರುವುದು ಈ ಗ್ರಂಥದ ಕ್ರಮ. ಶ್ಲೋಕಗಳು ಸಂಸ್ಕೃತದಲ್ಲಿದ್ದು ಕನ್ನಡ ಲಿಪಿಯಲ್ಲಿವೆ. ಕೌತುಕನಿಧಿಯಲ್ಲಿ ಆಟಗಳಲ್ಲದೆ 122 ಯೋಗಾಸನಗಳ ಚಿತ್ರಗಳೂ ಇವೆ.

ಗಂಜೀಫಾ ಮತ್ತು ಛದಗಳು

ಗಂಜೀಫಾ ಎಂಬುದು ದುಂಡಗಿನ ಎಲೆಗಳಿಂದ ಆಡುವ ಆಟ. ಬಾಬರನು 1527ರಲ್ಲಿ ಸಿಂಧ್ ಪ್ರಾಂತದ ತನ್ನ ಸ್ನೇಹಿತನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ್ದು ಭಾರತದಲ್ಲಿ ಈ ಆಟದ ಮೊದಲ ಉಲ್ಲೇಖವೆನಿಸಿದೆ. ಮೊಗಲ್ ಗಂಜೀಫಾದಲ್ಲಿ 8 ಬಣ್ಣಗಳು, ಪ್ರತಿ ಬಣ್ಣಕ್ಕೆ 12 ಎಲೆಗಳಂತೆ ಒಟ್ಟು 96 ಎಲೆಗಳಿರುತ್ತವೆ. ಹಿಂದೂ ಸಂಸ್ಥಾನಗಳಲ್ಲಿ ಬಳಕೆಗೆ ಬಂದ ದಶಾವತಾರ ಗಂಜೀಫಾದಲ್ಲಿ ವಿಷ್ಣುವಿನ ಹತ್ತು ಅವತಾರಗಳೇ ಹತ್ತು ಬಣ್ಣಗಳಾಗಿ ಒಟ್ಟು 120 ಎಲೆಗಳಾಗುತ್ತವೆ. ಪ್ರತಿ ಬಣ್ಣದಲ್ಲಿ ಒಬ್ಬ ರಾಜ, ಒಬ್ಬ ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಅಂಕಿಯ ಎಲೆಗಳು. ಅರ್ಧದಷ್ಟು ಬಣ್ಣಗಳಲ್ಲಿ ಹತ್ತು ದೊಡ್ಡದು, ಉಳಿದವುಗಳಲ್ಲಿ ಒಂದು ದೊಡ್ಡದು. ಹಗಲಿನಲ್ಲಿ ಆಡಿದರೆ ರಾಮನ ರಾಜ ಎಲೆ ಇರುವವರು ಆಟವನ್ನು ಆರಂಭಿಸುತ್ತಾರೆ, ರಾತ್ರಿಯಲ್ಲಿ ಆಡಿದರೆ ಕೃಷ್ಣನ ರಾಜ ಎಲೆ ಇರುವವರು. ಕೈಗೆ ಬಿದ್ದ ಎಲೆಗಳ ಜೊತೆಗೆ ಈಗಾಗಲೇ ಇಳಿದುಹೋದ ಎಲೆಗಳನ್ನೂ ನೆನಪಿನಲ್ಲಿ ಇಟ್ಟುಕೊಂಡವರೇ ಈ ಆಟದಲ್ಲಿ ಗೆಲ್ಲುತ್ತಾರೆ.

ಒಡೆಯರು ಈ ಆಟವನ್ನು ಆಧಾರವಾಗಿಟ್ಟುಕೊಂಡು ಹೊಸ ಎಲೆಯಾಟಗಳ ಒಂದು ಮಾಲೆಯನ್ನೇ ರಚಿಸಿದರು. ಅವುಗಳಿಗೆ ಛದ ಎಂಬ ಹೆಸರು. ಸಂಸ್ಕೃತದಲ್ಲಿ ಛದ ಎಂದರೆ ಎಲೆ ಎಂದರ್ಥ. ಕೌತುಕನಿಧಿಯಲ್ಲಿ 13 ಛದಗಳ ವಿವರಣೆಯಿದೆ. ಚಾಮುಂಡೇಶ್ವರಿ ಛದ, ಜಗನ್ಮೋಹನ ಛದ, ನವಗ್ರಹ ಛದ, ದಿಕ್ಪಾಲ ಛದ, ಪಂಚಪಾಂಡವ ಛದ, ಕೃಷ್ಣರಾಜ ಛದ ಮುಂತಾದವು ಅವುಗಳಲ್ಲಿ ಸೇರಿವೆ.

ಸಾಮಾನ್ಯ ಗಂಜೀಫಾಕ್ಕೂ ಛದಗಳಿಗೂ ಇರುವ ವ್ಯತ್ಯಾಸಗಳು ಹೀಗಿವೆ:

• ಗಂಜೀಫಾದ ಒಂದು ಬಣ್ಣದಲ್ಲಿ 12 ಎಲೆಗಳಿದ್ದರೆ, ಛದದ ಒಂದು ಬಣ್ಣದಲ್ಲಿ ಸಾಮಾನ್ಯವಾಗಿ 12 ಅಂಕಿಯ ಎಲೆಗಳೂ 6 ಚಿತ್ರದ ಎಲೆಗಳೂ ಇರುತ್ತವೆ.
• ಗಂಜೀಫಾದ ಚಿತ್ರದ ಎಲೆಗಳು ರಾಜ, ಮಂತ್ರಿ ಎರಡೇ. ಛದಗಳಲ್ಲಿ ಪಾತ್ರಗಳ ಸಂಖ್ಯೆ ಹೆಚ್ಚಿ ಅಂತಸ್ತುಗಳ ಒಂದು ಶ್ರೇಣಿಯೇ ಏರ್ಪಡುತ್ತದೆ.
• ಕೆಲವು ಛದಗಳಲ್ಲಿ 18 ಬಣ್ಣಗಳವರೆಗೆ ಇದ್ದು, ಎಲೆಗಳ ಸಂಖ್ಯೆ 360ರವರೆಗೆ ಹೋಗುತ್ತದೆ.
• ಆಟದುದ್ದಕ್ಕೂ ಉಳಿದೆಲ್ಲ ಬಣ್ಣಗಳನ್ನು ಗೆಲ್ಲುವ ಸ್ಥಿರವಾದ ತುರುಫು ಮತ್ತು ಬೇಕಾದ ಎಲೆಯ ಸ್ಥಾನದಲ್ಲಿ ಬಳಸಬಹುದಾದ ಎಲೆಗಳಿಗೆ ಅವಕಾಶವಿದೆ.

ಈ ಎಲೆಗಳ ಚಿತ್ರಗಳು ಶ್ರೀತತ್ತ್ವನಿಧಿಯ ಉಳಿದ ಭಾಗಗಳೊಡನೆ ಹೊಂದಿಕೊಂಡಿವೆ. ದೇವತೆಯ ಬಣ್ಣ, ಆಯುಧ, ವಾಹನಗಳು ಧ್ಯಾನಶ್ಲೋಕಕ್ಕೆ ಅನುಗುಣವಾಗಿರಬೇಕೆಂಬ ನಿಯಮ ಆಟದ ಎಲೆಗೂ ಅನ್ವಯಿಸುತ್ತದೆ. ಎಲೆಗಳನ್ನು ಗುರುತಿಸಬಲ್ಲವನಿಗೆ ದೇವತೆಗಳ ಲಕ್ಷಣಗಳು ತಾವಾಗಿಯೇ ಪರಿಚಿತವಾಗುತ್ತಿದ್ದವು. ಈ ಕಾರಣದಿಂದ ಛದಗಳು ಏಕಕಾಲದಲ್ಲಿ ಆಟವೂ ಪಾಠವೂ ಆಗಿದ್ದವು.

ಹಾಸಿನ ಆಟಗಳು

ಪಗಡೆ ಕನ್ನಡಿಗರಿಗೆಲ್ಲ ಪರಿಚಿತವಾದ ಆಟ. ಕೂಡುಗೆರೆಯ ಆಕಾರದ ಹಾಸಿನಲ್ಲಿ ನಾಲ್ಕು ತೋಳುಗಳಿದ್ದು, ಒಂದೊಂದು ತೋಳಿನಲ್ಲಿ ಎಂಟು ಮನೆಗಳ ಮೂರು ಸಾಲುಗಳಿರುತ್ತವೆ. ಹೀಗೆ ಒಟ್ಟು 96 ಮನೆಗಳಾಗುತ್ತವೆ. ನಡುವಿನ ಚೌಕದಿಂದ ಹೊರಟ ಕಾಯಿ ಹಾಸನ್ನು ಸುತ್ತಿ ಮರಳಿ ನಡುವಿಗೆ ಬಂದರೆ ಹಣ್ಣಾಗುತ್ತದೆ. ಒಡೆಯರು ಪಗಡೆಯ ಈ ಮೂಲ ತತ್ತ್ವವನ್ನು ಇಟ್ಟುಕೊಂಡು ಹಾಸಿನ ಆಕಾರ, ತೋಳುಗಳ ಸಂಖ್ಯೆ ಮತ್ತು ಕಾಯಿಗಳ ದಾರಿಯನ್ನು ಬದಲಾಯಿಸಿ ಹೆಚ್ಚು ಮಂದಿ ಕೂಡಿ ಆಡಬಲ್ಲ ಹಾಸುಗಳನ್ನು ರೂಪಿಸಿದರು.

1861ರಲ್ಲಿ ಇವರು ಮೈಸೂರಿನಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅರಸರ ವಂಶವೃಕ್ಷ ಮತ್ತು ದಸರಾ ಮೆರವಣಿಗೆಯ ಚಿತ್ರಗಳಿವೆ. ಅವುಗಳ ಜೊತೆಯಲ್ಲಿಯೇ ಆಟದ ಹಾಸುಗಳನ್ನೂ ಬರೆಸಲಾಗಿದೆ. ರಾಜವಂಶದ ಇತಿಹಾಸಕ್ಕೆ ಸಲ್ಲುವ ಗೋಡೆಯಲ್ಲಿ ಆಟಗಳಿಗೂ ಸ್ಥಳ ದೊರೆತಿರುವುದರಿಂದ ಅರಸರು ಅವುಗಳನ್ನು ಕೇವಲ ಕಾಲಹರಣದ ಸಾಧನವೆಂದು ತಿಳಿದಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಕುದುರೆಯ ನಡಿಗೆ ಮತ್ತು ಮಾಯಾಚೌಕ

ಚದುರಂಗದ ಹಾಸಿನಲ್ಲಿ 64 ಮನೆಗಳಿವೆ. ಕುದುರೆಯನ್ನು ಅದರ ಎರಡೂವರೆ ಮನೆಯ ನಡೆಯಲ್ಲಿಯೇ ನಡೆಸುತ್ತ, ಯಾವ ಮನೆಯನ್ನೂ ಬಿಡದೆ, ಯಾವ ಮನೆಗೂ ಎರಡನೆಯ ಬಾರಿ ಕಾಲಿಡದೆ ಇಡೀ ಹಾಸನ್ನು ಸುತ್ತಿಸುವುದು ಹಳೆಯ ಸಮಸ್ಯೆ. ಒಂಬತ್ತನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ಇದನ್ನು ಚಿತ್ರಕವಿತ್ವದ ಒಂದು ಬಗೆಯಾಗಿ ಹೇಳಲಾಗಿದೆ. ವೇದಾಂತದೇಶಿಕರ ‘ಪಾದುಕಾಸಹಸ್ರ’ದಲ್ಲಿಯೂ ಇಂತಹ ರಚನೆಯಿದೆ. ಮನೆಗಳಲ್ಲಿ ಅಕ್ಷರಗಳನ್ನು ತುಂಬಿ, ಕುದುರೆಯ ನಡಿಗೆಯಲ್ಲಿ ಓದಿದಾಗ ಶ್ಲೋಕವಾಗುವಂತೆ ಹೊಂದಿಸುವುದು ಇದರ ಕ್ರಮ.

ಒಡೆಯರು ಇಂತಹ ನಡಿಗೆಗಳನ್ನು ರಚಿಸುವುದರಲ್ಲಿ ನಿಪುಣರಾಗಿದ್ದರು. ಅವರ ಹೆಸರಿನಲ್ಲಿ ಉಳಿದಿರುವ ನಡಿಗೆಗಳಲ್ಲಿ ಮಾಯಾಚೌಕದ ಗುಣವುಳ್ಳವೂ ಇವೆ. ಕುದುರೆ ಕಾಲಿಟ್ಟ ಕ್ರಮದಲ್ಲಿ ಮನೆಗಳಿಗೆ ಅಂಕಿ ಹಾಕುತ್ತ ಹೋದರೆ ಪ್ರತಿ ಅಡ್ಡಸಾಲಿನ ಮತ್ತು ಪ್ರತಿ ಕಂಬಸಾಲಿನ ಮೊತ್ತ ಸಮನಾಗಿ ಬರಬೇಕೆಂಬುದು ಅಂತಹ ನಡಿಗೆಯ ನಿಯಮ. 64 ಮನೆಗಳ ಹಾಸಿನಲ್ಲಿ ಆ ಮೊತ್ತ 260. ಎರಡು ಕಟ್ಟುಪಾಡುಗಳನ್ನು ಒಟ್ಟಿಗೆ ಪಾಲಿಸಬೇಕಾದ್ದರಿಂದ ಇಂತಹ ರಚನೆ ಬಹು ಕಷ್ಟದ್ದು. ಯಂತ್ರಗಣನೆ ಇಲ್ಲದ ಕಾಲದಲ್ಲಿ ಇದಕ್ಕೆ ದೀರ್ಘಕಾಲದ ಏಕಾಗ್ರತೆ ಬೇಕಾಗಿತ್ತು. ಚದುರಂಗದ ಇತಿಹಾಸ ಬರೆದ ಪಾಶ್ಚಾತ್ಯ ಲೇಖಕರೂ ಮೈಸೂರಿನ ಅರಸರನ್ನು ಈ ಕಾರಣಕ್ಕಾಗಿ ಸ್ಮರಿಸಿದ್ದಾರೆ.

ಸಮಕಾಲೀನ ಪ್ರಪಂಚ

ಇದೇ ಕಾಲದಲ್ಲಿ ಯುರೋಪಿನಲ್ಲಿಯೂ ಆಟಗಳ ರಚನೆ ಬೇರೊಂದು ದಿಕ್ಕಿನಲ್ಲಿ ಸಾಗುತ್ತಿತ್ತು. 1824ರಲ್ಲಿ ಪ್ರಷ್ಯಾ ದೇಶದ ಸೇನಾಧಿಕಾರಿ ರೈಸ್‌ವಿಟ್ಸ್ ಭೂಪಟದ ಮೇಲೆ ದಾಳಗಳಿಂದ ಆಡುವ ಯುದ್ಧದಾಟವನ್ನು ಪ್ರಕಟಿಸಿದನು. ಅಲ್ಲಿನ ಸೈನ್ಯ ಅದನ್ನು ಅಧಿಕಾರಿಗಳ ತರಬೇತಿಗೆ ಬಳಸಿತು. ಆ ಪರಂಪರೆ ಮುಂದುವರಿದು 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಧಾರಣೆಯ ಮೇಜಿನ ಆಟ ಹುಟ್ಟಿತು. ತಿಳಿದಿರುವ ಆಟವೊಂದನ್ನು ತೆಗೆದುಕೊಂಡು, ಅದಕ್ಕೆ ಪಾತ್ರಗಳನ್ನೂ ಅಂತಸ್ತುಗಳನ್ನೂ ವಿಶೇಷ ಶಕ್ತಿಗಳನ್ನೂ ಸೇರಿಸಿ, ಮನೆಯಲ್ಲಿಯೇ ಹೊಸ ಆಟ ಕಟ್ಟುವ ಹವ್ಯಾಸ ಇಂದು ಲೋಕದಾದ್ಯಂತ ಹರಡಿದೆ. ಮೈಸೂರಿನ ಅರಮನೆಯಲ್ಲಿ ನಡೆದ ಕೆಲಸಕ್ಕೂ ಈ ಪರಂಪರೆಗೂ ನೇರ ಸಂಬಂಧವಿಲ್ಲವಾದರೂ, ಕೆಲಸದ ಬಗೆ ಒಂದೇ ಆಗಿದೆ. ವ್ಯತ್ಯಾಸವೆಂದರೆ ಪ್ರಷ್ಯಾದ ಆಟ ಸೈನ್ಯದಲ್ಲಿ ಬಳಕೆಯಾಗಿ ಬೆಳೆಯಿತು. ಮೈಸೂರಿನ ಅರಸರಿಗೆ ತಮ್ಮದೆನ್ನಬಹುದಾದ ಸೈನ್ಯವೂ ಇರಲಿಲ್ಲ, ಆಡಳಿತವೂ ಇರಲಿಲ್ಲ.

ರಾಜ್ಯಕ್ಕಾಗಿ ಹೋರಾಟ

ಆಟಗಳಲ್ಲಿ ಮಗ್ನರಾಗಿ ಅರಸರು ರಾಜ್ಯವನ್ನು ಮರೆತಿದ್ದರೆಂದು ಭಾವಿಸುವುದು ತಪ್ಪಾಗುತ್ತದೆ. ಆಡಳಿತವನ್ನು ಹಿಂದಿರುಗಿಸಬೇಕೆಂದು ಅವರು ಒಬ್ಬರಾದ ಮೇಲೆ ಒಬ್ಬರಂತೆ ಗವರ್ನರ್ ಜನರಲ್‌ಗಳಿಗೆ ಮನವಿ ಸಲ್ಲಿಸುತ್ತಲೇ ಇದ್ದರು. 1860ರಲ್ಲಿ ಮೈಸೂರನ್ನು ಮದರಾಸು ಸರ್ಕಾರದ ಅಧೀನಕ್ಕೆ ಒಪ್ಪಿಸುವ ಆಜ್ಞೆ ಬಂದಾಗ ಅದನ್ನು ಬಲವಾಗಿ ವಿರೋಧಿಸಿದರು. ಆ ಆಜ್ಞೆ ರದ್ದಾಯಿತು.

ಅರಸರಿಗೆ ಪಟ್ಟಕ್ಕೆ ಬರಬಲ್ಲ ಗಂಡುಸಂತಾನ ಇರಲಿಲ್ಲ. ಅವರ ನಂತರ ಸಂಸ್ಥಾನವನ್ನು ಬ್ರಿಟಿಷ್ ರಾಜ್ಯದಲ್ಲಿ ವಿಲೀನಗೊಳಿಸಬೇಕೆಂಬ ಅಭಿಪ್ರಾಯ ಅಧಿಕಾರಿಗಳಲ್ಲಿ ಪ್ರಬಲವಾಗಿತ್ತು. 1865ರ ಜೂನ್ 18ರಂದು, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಬೆಟ್ಟದಕೋಟೆ ಮನೆತನದ ಚಿಕ್ಕ ಕೃಷ್ಣರಾಜೇ ಅರಸರ ಮಗ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. ಭಾರತ ಸರ್ಕಾರ ಮೊದಲು ಇದನ್ನು ಮಾನ್ಯ ಮಾಡಲಿಲ್ಲ. ಅರಸರ ಪರವಾಗಿ ಡಾ. ಕ್ಯಾಂಪ್‌ಬೆಲ್ ಅವರು ಇಂಗ್ಲೆಂಡಿನಲ್ಲಿ ಪ್ರಯತ್ನ ನಡೆಸಿದರು. ಕೊನೆಗೆ 1867ರಲ್ಲಿ ಬ್ರಿಟಿಷ್ ಸರ್ಕಾರ ದತ್ತಕವನ್ನು ಅಂಗೀಕರಿಸಿತು.

ನಿಧನ

ದತ್ತಕ ಅಂಗೀಕಾರವಾದ ಮರುವರ್ಷ, 1868ರ ಮಾರ್ಚ್ 27ರಂದು, ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ತಮ್ಮ 73ನೆಯ ವಯಸ್ಸಿನಲ್ಲಿ ನಿಧನರಾದರು. ಐದು ವರ್ಷದ ಚಾಮರಾಜೇಂದ್ರ ಒಡೆಯರಿಗೆ ಪಟ್ಟವಾಯಿತು. 1881ರ ಮಾರ್ಚ್ 25ರಂದು ಆಡಳಿತ ಮತ್ತೆ ಒಡೆಯರ್ ವಂಶದ ಕೈಸೇರಿತು. ತಾವು ಜೀವನದ ಅರ್ಧಭಾಗ ಕಾದಿದ್ದ ಆ ದಿನವನ್ನು ಕಾಣುವ ಯೋಗ ಮುಮ್ಮಡಿಯವರಿಗೆ ಇರಲಿಲ್ಲ. ಚಾಮುಂಡಿಬೆಟ್ಟದ ದೇವಾಲಯದಲ್ಲಿ ರಾಣಿಯರೊಡನೆ ಕೈಮುಗಿದು ನಿಂತಿರುವ ಅವರ ಭಕ್ತವಿಗ್ರಹವನ್ನು ಇಂದಿಗೂ ನೋಡಬಹುದು.

ಆಟಗಳ ಮುಂದಿನ ಇತಿಹಾಸ

ಒಡೆಯರು ರಚಿಸಿದ ಛದಗಳು ಅರಮನೆಯ ಹೊರಗೆ ಪ್ರಚಾರಕ್ಕೆ ಬರಲಿಲ್ಲ. ಇದಕ್ಕೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ನೂರಾರು ಎಲೆಗಳನ್ನು ಕೈಯಿಂದ ಚಿತ್ರಿಸಿ ಅರಗಿನ ಮೆರುಗು ಕೊಡುವುದು ದುಬಾರಿಯ ಕೆಲಸ. ನಿಯಮಗಳು ಸಂಸ್ಕೃತ ಶ್ಲೋಕಗಳಲ್ಲಿದ್ದುದರಿಂದ ಸಾಮಾನ್ಯರಿಗೆ ಎಟುಕುತ್ತಿರಲಿಲ್ಲ. ಹದಿನೆಂಟು ಬಣ್ಣಗಳನ್ನು ನೆನಪಿನಲ್ಲಿಟ್ಟು ಆಡಲು ಬೇಕಾದ ಬಿಡುವು ದುಡಿಯುವ ಜನರಿಗೆ ಇರಲಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ಹಳ್ಳಿಗಳ ಆಟಗಳು ಉಳಿದುಬಂದವು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಊರುಗಳಲ್ಲಿ ಚೌಕಾಬಾರ, ಅಳಿಗುಳಿಮಣೆ, ಹುಲಿಕುರಿ ಆಟಗಳಿಗೆ ಯಾವ ಗ್ರಂಥವೂ ಬೇಕಾಗಿಲ್ಲ. ಚೌಕಾಬಾರದ 25 ಮನೆಗಳನ್ನು ಜಗಲಿಯ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಬರೆದುಕೊಳ್ಳಬಹುದು. ನಾಲ್ಕು ಕವಡೆಗಳು ಇಲ್ಲದಿದ್ದರೆ ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಂಡರೆ ಸಾಕು. ಕಾಯಿಗಳಾಗಿ ಬಳೆಚೂರು, ಕಡ್ಡಿ, ಕಾಳುಗಳು ಒದಗುತ್ತವೆ. ಅಳಿಗುಳಿಮಣೆಯ 14 ಗುಳಿಗಳನ್ನು ಮಣೆ ಇಲ್ಲದವರು ನೆಲದಲ್ಲಿಯೇ ತೋಡಿಕೊಳ್ಳುತ್ತಾರೆ. ಹೇಳಿಕೊಟ್ಟು ಆಡಿಸುವ ಅಜ್ಜಿಯೊಬ್ಬಳು ಮನೆಯಲ್ಲಿ ಇದ್ದರೆ ಆಟ ಮುಂದಿನ ತಲೆಮಾರಿಗೆ ದಾಟುತ್ತದೆ.

ಆದರೂ ಅರಸರ ಆಟಗಳು ಸಂಪೂರ್ಣವಾಗಿ ಅಳಿದುಹೋಗಲಿಲ್ಲ. ಅವುಗಳನ್ನು ಉಳಿಸಿದ್ದು ಬರವಣಿಗೆ ಮತ್ತು ಚಿತ್ರಗಳು. ಶ್ರೀತತ್ತ್ವನಿಧಿಯ ಪ್ರತಿಗಳು ಮೈಸೂರು ಅರಮನೆಯ ಸರಸ್ವತೀ ಭಂಡಾರದಲ್ಲಿಯೂ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿಯೂ ಇವೆ. ಸಂಶೋಧನಾಲಯವು ಗ್ರಂಥದ ಭಾಗಗಳನ್ನು ಪ್ರಕಟಿಸಿದೆ. ಕೌತುಕನಿಧಿಯ ಯೋಗಾಸನಗಳ ಭಾಗವು 1996ರಲ್ಲಿ ಪ್ರಕಟವಾದ ನಾರ್ಮನ್ ಸ್ಯೋಮನ್ ಅವರ ಅಧ್ಯಯನದ ಮೂಲಕ ಲೋಕಕ್ಕೆ ಪರಿಚಿತವಾಯಿತು. ಛದಗಳ ಕಡೆಗೆ ವಿದ್ವಾಂಸರ ಗಮನ ಸೆಳೆದವರಲ್ಲಿ ಗಂಜೀಫಾ ಎಲೆಗಳ ಸಂಗ್ರಾಹಕ ರುಡಾಲ್ಫ್ ಫಾನ್ ಲೈಡನ್ ಪ್ರಮುಖರು.

ಮೈಸೂರಿನಲ್ಲಿ ಗಂಜೀಫಾ ಚಿತ್ರಕಲೆಯನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪುನರುಜ್ಜೀವನಗೊಳಿಸಿದವರಲ್ಲಿ ಕಲಾವಿದ ರಘುಪತಿ ಭಟ್ಟರ ಹೆಸರು ಮುಖ್ಯವಾದುದು. ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಸಾಂಪ್ರದಾಯಿಕ ಹಾಸುಗಳನ್ನೂ ಕಾಯಿಗಳನ್ನೂ ಕುಶಲಕರ್ಮಿಗಳಿಂದ ಹೊಸದಾಗಿ ಮಾಡಿಸಿ ಜನರಿಗೆ ತಲುಪಿಸುತ್ತಿದೆ. ಜಗನ್ಮೋಹನ ಅರಮನೆ 1915ರಿಂದ ಚಿತ್ರಶಾಲೆಯಾಗಿದೆ.

ಮೌಲ್ಯಮಾಪನ

ಕೃಷ್ಣರಾಜ ಒಡೆಯರನ್ನು ಕುರಿತ ಅಭಿಪ್ರಾಯಗಳು ಕಾಲದಿಂದ ಕಾಲಕ್ಕೆ ಬದಲಾಗಿವೆ. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಅಧಿಕಾರಿಗಳ ಬರಹಗಳಲ್ಲಿ ಅವರು ದುಂದುವೆಚ್ಚದ, ಆಡಳಿತದಲ್ಲಿ ಆಸಕ್ತಿಯಿಲ್ಲದ ಅರಸರಾಗಿ ಕಾಣಿಸುತ್ತಾರೆ. 1831ಕ್ಕೆ ಮೊದಲಿನ ಕಂದಾಯದ ಗೊಂದಲ ಮತ್ತು ರೈತರ ಸಂಕಷ್ಟಗಳನ್ನು ನೋಡಿದರೆ ಈ ಟೀಕೆ ಆಧಾರರಹಿತವೆನ್ನಲಾಗದು. ಕನ್ನಡ ಸಾಹಿತ್ಯ ಚರಿತ್ರೆಕಾರರಾದರೋ ಹಳಗನ್ನಡ ಪರಂಪರೆಗೂ ಹೊಸಗನ್ನಡಕ್ಕೂ ನಡುವಿನ ಕೊಂಡಿಯಾಗಿ ಅವರ ಆಸ್ಥಾನವನ್ನು ಗುರುತಿಸುತ್ತಾರೆ.

ಆಟಗಳನ್ನು ಈ ಎರಡೂ ಬಗೆಯ ಬರಹಗಳಲ್ಲಿ ಬಹುಕಾಲ ಅರಸರ ವಿಲಾಸವೆಂದೇ ಪರಿಗಣಿಸಲಾಗಿತ್ತು. ಆದರೆ ಒಂದು ಆಟವನ್ನು ರಚಿಸುವುದೆಂದರೆ ಸಮಾನವಾಗಿ ಎಲ್ಲರಿಗೂ ಅನ್ವಯಿಸುವ ನಿಯಮಗಳನ್ನು ರೂಪಿಸುವುದು, ಅಂತಸ್ತುಗಳನ್ನು ಗೊತ್ತುಮಾಡುವುದು, ಯಾವ ಎಲೆ ಯಾವುದನ್ನು ಗೆಲ್ಲಬೇಕೆಂದು ನ್ಯಾಯ ತೀರ್ಮಾನಿಸುವುದು. ಸಂಸ್ಥಾನದಲ್ಲಿ ಮಾಡಲು ಅವಕಾಶವಿಲ್ಲದ ಈ ಕೆಲಸವನ್ನು ಅವರು ಕೌತುಕನಿಧಿಯಲ್ಲಿ ಮಾಡಿದರು. ಬಾಲ್ಯದಲ್ಲಿ ಅರಮನೆಯಿಂದ, ನಡುವಯಸ್ಸಿನಲ್ಲಿ ಅಧಿಕಾರದಿಂದ ಹೊರಹಾಕಲ್ಪಟ್ಟ ವ್ಯಕ್ತಿಯೊಬ್ಬರು ತಮ್ಮ ಬುದ್ಧಿಶಕ್ತಿಯನ್ನು ನಿಷ್ಕ್ರಿಯವಾಗಲು ಬಿಡಲಿಲ್ಲವೆಂಬುದಕ್ಕೆ ಈ ಆಟಗಳು ಸಾಕ್ಷಿಯಾಗಿವೆ. ಭಾರತೀಯ ಆಟಗಳ ಇತಿಹಾಸದಲ್ಲಿ, ರಚಿಸಿದವರ ಹೆಸರು, ಕಾಲ, ನಿಯಮ ಮತ್ತು ಚಿತ್ರಗಳೆಲ್ಲವೂ ಒಟ್ಟಿಗೆ ಉಳಿದುಬಂದಿರುವ ಇಂತಹ ಸಂಗ್ರಹ ವಿರಳ.